ಯಾರೂ ಇಲ್ಲದ ಜಾಗ ಯಾರದು?

ಕಳೆದ ಬೇಸಿಗೆಯಲ್ಲಿ ಅರಂತೋಡಿನಿಂದ ನಾವು ಐದು ಮಂದಿ ಗೆಳೆಯರು ಒಂದು ಮದುವೆಗೆಂದು ಮೈಸೂರಿನ ಕಡೆ ಹೋಗಿದ್ದೆವು. ಹಿಂತಿರುಗುವಾಗ ಹೆದ್ದಾರಿಯ ಬದಿಯ ಮರಗಳ ಮೇಲಿಂದ ಒಂದು ದೊಡ್ಡ ಕಬ್ಬಿಣದ ಚಕ್ರ ಕಾಣಿಸಿತು. ಕಾರು ನಿಲ್ಲಿಸಿ ನೋಡಿದರೆ ಎಂದೋ ಮುಚ್ಚಿಹೋದ ಅಮ್ಯೂಸ್‌ಮೆಂಟ್ ಪಾರ್ಕ್. ಊರಿನ ಹೆಸರು ಇಲ್ಲಿ ಬೇಡ. ಮುಂದಿನ ಗೇಟಿಗೆ ಬೀಗವಿತ್ತು. ಹಿಂಬದಿಯ ಬೇಲಿ ಮಲಗಿತ್ತು. ನಡುವಯಸ್ಸು ದಾಟಿದ ನಾವು ಶಾಲೆಯ ಮಕ್ಕಳಂತೆ ನುಸುಳಿದೆವು.

ಒಳಗೆ ಕೊಲಂಬಸ್ ದೋಣಿ ಒಂದು ಬದಿಗೆ ವಾಲಿ ನಿಂತಿತ್ತು. ಡ್ಯಾಶಿಂಗ್ ಕಾರುಗಳ ಸೀಟಿನ ಸ್ಪಂಜನ್ನು ಇಲಿಗಳು ಎಳೆದುಹಾಕಿದ್ದವು. ನೀರಿಲ್ಲದ ಈಜುಕೊಳದಲ್ಲಿ ಲಂಟಾನ ಬೆಳೆದಿತ್ತು. ಎಲ್ಲರೂ ಮೊಬೈಲ್ ತೆಗೆದು ಫೋಟೋ ಹೊಡೆಯಲು ತೊಡಗಿದರು. ನಾನೂ ಹೊಡೆದೆ. ಟಿಕೆಟ್ ಕೊಡುವ ಗೂಡಿನಲ್ಲಿ ಮಣ್ಣು ಮೆತ್ತಿದ ಪ್ಲಾಸ್ಟಿಕ್ ಬಿಲ್ಲೆಯೊಂದು ಬಿದ್ದಿತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಹೊರಗೇ ನಿಂತಿದ್ದವನು ಒಬ್ಬನೇ, ನಮ್ಮ ಅಡಿಕೆ ತೋಟದ ಗೆಳೆಯ. "ಯಾರೂ ಇಲ್ಲ ಮಾರಾಯ, ಬಾ" ಎಂದು ಕರೆದೆವು. ಅವನೆಂದ: "ನನ್ನ ತೋಟದಲ್ಲೂ ಈಗ ಯಾರೂ ಇಲ್ಲ. ಅಲ್ಲಿಗೂ ಹೀಗೇ ಹೋಗ್ತೀರಾ?"

ಈ ಮಾತಿನ ತೂಕ ನಮ್ಮ ಭಾಗದವರಿಗೆ ಮಾತ್ರ ಗೊತ್ತಾದೀತು. ಸಂಪಾಜೆ, ಅರಂತೋಡು, ತೊಡಿಕಾನದ ಸುತ್ತ ಹಳದಿ ಎಲೆ ರೋಗ ಬಂದು ಎಷ್ಟೋ ಕುಟುಂಬಗಳ ಅಡಿಕೆ ತೋಟ ಬರಿದಾಗಿದೆ. ಮೊದಲು ಸೋಗೆ ಹಳದಿಯಾಗುತ್ತದೆ, ಮತ್ತೆ ಫಸಲು ಇಳಿಯುತ್ತದೆ, ಕೊನೆಗೆ ಮರದ ಮಂಡೆಯೇ ಸಣ್ಣದಾಗುತ್ತದೆ. ಇದನ್ನು ಗುಣಪಡಿಸುವ ಖಚಿತವಾದ ಔಷಧ ಇದುವರೆಗೆ ಸಿಕ್ಕಿಲ್ಲ. ಕೆಲವರು ರಬ್ಬರ್ ಹಾಕಿದರು, ಕೆಲವರು ಕಾಳುಮೆಣಸು ನೆಚ್ಚಿದರು. ನನ್ನ ಗೆಳೆಯನಿಗೆ ಎರಡೂ ಆಗಲಿಲ್ಲ. ತೋಟಕ್ಕೆ ನೀರು ಬಿಡುವುದನ್ನು ನಿಲ್ಲಿಸಿದ. ದಾರಿಹೋಕರ ಕಣ್ಣಿಗೆ ಅದು ಪಾಳು ಜಾಗ. ಅವನ ಲೆಕ್ಕದಲ್ಲಿ ಅದು ಅಪ್ಪ ನೆಟ್ಟ ತೋಟ. ಬಿಟ್ಟದ್ದೂ ಕೊಟ್ಟದ್ದೂ ಒಂದೇ ಅಲ್ಲವಲ್ಲ.

ಕಾನೂನು ಕೂಡ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿದೆ. ಹಳೆಯ ಭಾರತೀಯ ದಂಡ ಸಂಹಿತೆಯ 441ನೇ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು, ಎರಡೂ ಅತಿಕ್ರಮ ಪ್ರವೇಶವನ್ನು ಅಪರಾಧವೆನ್ನುವಾಗ ಒಳಹೋದವನ ಉದ್ದೇಶವನ್ನು ಕೇಳುತ್ತವೆ. ಅಪರಾಧ ಮಾಡಲು ಹೋದನೇ, ಬೆದರಿಸಲು, ಅವಮಾನಿಸಲು, ಕಿರುಕುಳ ಕೊಡಲು ಹೋದನೇ? ನಮಗೆ ಇದಾವುದೂ ಇರಲಿಲ್ಲ. ಹಾಗಾದರೆ ಏನಿತ್ತು? ಪ್ರಾಮಾಣಿಕವಾಗಿ ಹೇಳುವುದಾದರೆ, ಇನ್ನೊಬ್ಬರ ಸೋಲನ್ನು ಹತ್ತಿರದಿಂದ ನೋಡುವ ಒಂದು ಸಣ್ಣ ಖುಷಿ ಇತ್ತು. ಅದಕ್ಕೆ ಯಾವ ಕಲಮೂ ಇಲ್ಲ.

ಈ ಖುಷಿ ನಮ್ಮೊಬ್ಬರದ್ದಲ್ಲ. ಉಕ್ರೇನಿನ ಪ್ರಿಪ್ಯಾತ್ ನಗರದ ಜಯಂಟ್ ವೀಲಿನ ಚಿತ್ರವನ್ನು ನೋಡದವರು ಕಡಿಮೆ. 1986ರ ಮೇ 1ರಂದು ಆ ಪಾರ್ಕ್ ತೆರೆಯಬೇಕಿತ್ತು. ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿತು, ಮರುದಿನ ಊರಿಗೆ ಊರನ್ನೇ ಬಸ್ಸುಗಳಲ್ಲಿ ಸಾಗಿಸಿದರು. ಮೂರು ದಿನದ ಮಟ್ಟಿಗೆ ಎಂದು ಹೇಳಿದ್ದರಂತೆ. ಹೋದವರು ಮರಳಲಿಲ್ಲ, ವರ್ಷಗಳ ನಂತರ ಪ್ರವಾಸಿಗರು ಬಂದರು. ಅಲ್ಲಿನ ಶಿಶುವಿಹಾರದ ಗೊಂಬೆಗಳನ್ನು ಎತ್ತಿ, ಮುಖಕ್ಕೆ ಗ್ಯಾಸ್ ಮಾಸ್ಕ್ ಇಟ್ಟು, ಬೆಳಕು ಬೀಳುವ ಕಡೆ ಕೂರಿಸಿ ಫೋಟೋ ತೆಗೆದವರಿದ್ದಾರೆ. ಇದ್ದ ದುಃಖ ಸಾಲದೆ ಅದಕ್ಕೂ ಅಲಂಕಾರ! ಜಪಾನಿನ ನಾರಾ ಡ್ರೀಮ್‌ಲ್ಯಾಂಡ್ 1961ರಲ್ಲಿ ತೆರೆದು 2006ರಲ್ಲಿ ಮುಚ್ಚಿತು. ಅದನ್ನು ಕೆಡವಲು ತೊಡಗಿದ್ದು 2016ರಲ್ಲಿ. ನಡುವಿನ ಆ ಹತ್ತು ವರ್ಷ ಬೇಲಿ ಹಾರಿ ಕ್ಯಾಮರಾ ಹಿಡಿದು ಬಂದವರಿಂದ ಅದು ಜಗತ್ತಿನ ಕಣ್ಣಿಗೆ ಬಿತ್ತು. ನಮ್ಮ ದಿಲ್ಲಿಯ ಅಪ್ಪು ಘರ್ ಒಂದು ರೀತಿಯಲ್ಲಿ ಪುಣ್ಯ ಮಾಡಿತ್ತು. 1984ರಲ್ಲಿ ಪ್ರಗತಿ ಮೈದಾನದಲ್ಲಿ ತೆರೆದು, 2008ರಲ್ಲಿ ಮುಚ್ಚಿದ ಮೇಲೆ ತುಕ್ಕು ಹಿಡಿಯುತ್ತಾ ನಿಲ್ಲುವ ಗತಿ ಅದಕ್ಕೆ ಬರಲಿಲ್ಲ, ಜಾಗ ಬೇರೆ ಕೆಲಸಕ್ಕೆ ಹೋಯಿತು.

ನಮ್ಮಲ್ಲೊಬ್ಬ ಮೇಷ್ಟ್ರು ತಕ್ಷಣ ಸಮರ್ಥನೆಗೆ ಬಂದರು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಅಂತ್ಯವನ್ನು ನೋಡಿ ಎಂಬ ಕರೆ ಕುರ್‌ಆನಿನಲ್ಲೇ ಹಲವು ಕಡೆ ಇದೆಯಲ್ಲವೇ ಎಂದರು. ಇದೆ. ಆದರೆ ತಬೂಕ್ ದಾರಿಯಲ್ಲಿ ಸಮೂದ್ ಜನಾಂಗದ ಹಿಜ್ರ್ ಎದುರಾದಾಗ ಪ್ರವಾದಿವರ್ಯರು(ಸ) ಏನು ಮಾಡಿದರು? ಅಳುತ್ತಾ ಹೊರತು ಅಲ್ಲಿ ಪ್ರವೇಶಿಸಬೇಡಿ ಎಂದು ಸಂಗಡಿಗರಿಗೆ ಹೇಳಿ, ತಲೆಗೆ ಮುಸುಕು ಹಾಕಿಕೊಂಡು ವೇಗವಾಗಿ ದಾಟಿಹೋದರು ಎಂದು ಹದೀಸಿನಲ್ಲಿದೆ. 2008ರಲ್ಲಿ ಅದೇ ಹಿಜ್ರ್ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಈಗ ಅಲ್ಲಿಗೂ ಟಿಕೆಟ್ಟಿನ ಪ್ರವಾಸವಿದೆ. ಅದಿರಲಿ. ಅಲ್ಲಿ ನಾಶವಾದವರು ಅಹಂಕಾರಿಗಳು. ಈ ಪಾರ್ಕಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ಯಾವ ಅಹಂಕಾರ ಮಾಡಿದ್ದ? ಅಂಥವರ ಅವಶೇಷವನ್ನೇ ಹಲ್ಲು ಕಿರಿದು ನೋಡಬಾರದೆಂದಾದರೆ ಇವರದ್ದನ್ನು ನೋಡುವಾಗ ಇನ್ನೆಷ್ಟು ತಗ್ಗಬೇಕು ಎಂದೆ. ಮೇಷ್ಟ್ರು ಒಪ್ಪಲಿಲ್ಲ, "ನೀನು ಬಿಲ್ಲೆ ಕದ್ದವನು ಮಾತಾಡಬೇಡ" ಎಂದು ನಕ್ಕರು.

ನೋಡುವವರ ಸಾಲಿನಲ್ಲಿ ಈಗ ನಿಂತಿರುವ ನಾವು ಒಮ್ಮೆ ನೋಡಿಸಿಕೊಂಡವರೂ ಹೌದು. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮನೆಗಳು ಮಣ್ಣುಪಾಲಾದವು, ಜೀವಗಳು ಹೋದವು. ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರು ನಮ್ಮ ಕಡೆಯ ಪರಿಹಾರ ಕೇಂದ್ರಗಳಲ್ಲಿ ಉಳಿದರು. ಅನ್ನ ಬೇಯಿಸಿದವರಲ್ಲಿ, ಚಾಪೆ ಹೊತ್ತವರಲ್ಲಿ ಮಸೀದಿಯವರೂ ದೇವಸ್ಥಾನದವರೂ ಇದ್ದರು, ಆ ದಿನಗಳಲ್ಲಿ ಯಾರೂ ಅದನ್ನು ವಿಶೇಷ ಎಂದುಕೊಳ್ಳಲಿಲ್ಲ. ಮಡಿಕೇರಿ ರಸ್ತೆ ಮತ್ತೆ ತೆರೆದ ಮೇಲೆ ಕಾರುಗಳು ಬರತೊಡಗಿದವು. ಕುಸಿದ ಗೋಡೆಯ ಮುಂದೆ ನಿಂತು, ಕೂದಲು ಸರಿ ಮಾಡಿಕೊಂಡು ಸೆಲ್ಫಿ. ಆಗ ಅವರಿಗೆ ಅತಿ ಹೆಚ್ಚು ಬೈದವನು ನಾನು.

ಈ ನೆನಪು ಬರುವ ಹೊತ್ತಿಗೆ ನಾವು ಚಕ್ರದ ಕೆಳಗೆ ಬಂದಿದ್ದೆವು. ಅಲ್ಲೊಬ್ಬ ಮುದುಕ ಕೋಲು ಹಿಡಿದು ಕುಳಿತಿದ್ದ, ಕಾವಲುಗಾರ. ಬೈಗುಳಕ್ಕೆ ತಯಾರಾದೆವು. ಆತ ಎದ್ದು ನಿಂತು, "ಎಲ್ಲಿಂದ ಬಂದ್ರಿ ಸಾರ್?" ಎಂದ. ಸುಳ್ಯದ ಕಡೆ ಎಂದೆವು. ಈ ಚಕ್ರವನ್ನು ನಡೆಸುತ್ತಿದ್ದದ್ದು ತಾನೇ ಎಂದ. ಭಾನುವಾರ ಊಟಕ್ಕೂ ಬಿಡುವಿರುತ್ತಿರಲಿಲ್ಲವಂತೆ. ಮೇಲೆ ಹೋದ ಮಕ್ಕಳು ಹೆದರಿ ಅತ್ತರೆ ಮುಖ ನೋಡಿಯೇ ಗೊತ್ತಾಗುತ್ತಿತ್ತು, ಯಾರನ್ನು ಬೇಗ ಇಳಿಸಬೇಕು, ಯಾರದ್ದು ಸುಮ್ಮನೆ ಅಳು ಎಂದು. ಸಂಬಳ ನಿಂತು ಬಹಳ ಕಾಲವಾಗಿತ್ತು. "ಮತ್ತೆ ಯಾಕೆ ಬರ್ತೀರಿ ಯಜಮಾನ್ರೇ?" ಎಂದು ಕೇಳಿದೆ. "ಇನ್ನೆಲ್ಲಿಗೆ ಹೋಗ್ಲಿ?" ಎಂದ.

ಹೊರಡುವಾಗ ಆತ ಒಂದೇ ಒಂದು ಮಾತು ಕೇಳಿದ. "ಫೋಟೋ ತೆಗೆದ್ರಲ್ಲ ಸಾರ್, ಇದರದ್ದೂ ಒಂದು ತೆಗೀರಿ. ತುಕ್ಕು ಕಾಣದ ಹಾಗೆ."

ನಾವು ಅಲ್ಲಿಯವರೆಗೆ ಹುಡುಕಿ ಹುಡುಕಿ ತೆಗೆದದ್ದೆಲ್ಲ ತುಕ್ಕೇ. ದೂರ ಹೋಗಿ, ಇಳಿಬಿಸಿಲನ್ನು ಬೆನ್ನಿಗೆ ಮಾಡಿಕೊಂಡು, ನಾಲ್ಕು ಸಲ ಪ್ರಯತ್ನಿಸಿದೆ. ಚಕ್ರದ ಮುಂದೆ ಆತ ಕೋಲು ಬದಿಗಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನಿಂತ. ತೋಟದ ಗೆಳೆಯ ಆಗ ಬೇಲಿ ದಾಟಿ ಒಳಗೆ ಬಂದು ಅವನ ಪಕ್ಕ ನಿಂತುಕೊಂಡ. ಯಾರೂ ಕರೆದಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಆ ದಾರಿಯಾಗಿ ಹೋಗುವುದಿದೆ. ಫೋಟೋ ಸುಳ್ಯದಲ್ಲಿ ದೊಡ್ಡದಾಗಿ ಹಾಕಿಸಿ ತಂದಿದ್ದೇನೆ. ಬಿಲ್ಲೆಯನ್ನು ತೊಳೆದು ಅದರ ಜತೆಗೆ ಇಟ್ಟಿದ್ದೇನೆ. ಕೊಡುವಾಗ ಏನು ಹೇಳಬೇಕೆಂದು ಇನ್ನೂ ಹೊಳೆದಿಲ್ಲ.