ದಿನದ ಧಮ್ಮ ಚಿಂತನೆ: ‘ಇನ್ನೊಂದೇ ಮ್ಯಾಚ್’ ಎನ್ನುವ ಮನಸ್ಸು





ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಡಿಗ್ರಿ ಓದುವ ಹುಡುಗನೊಬ್ಬ ಕೇಳಿದ: “ಮೇಡಂ, ಮೊಬೈಲಲ್ಲಿ ಗೇಮ್ ಆಡಿದರೆ ಶೀಲ ಮುರಿದ ಹಾಗಾ?” ಕೆಲವರು ನಕ್ಕರು. ಅದು ನಗುವ ಪ್ರಶ್ನೆಯಲ್ಲ.

ಉತ್ತರ ಐದನೆಯ ಶೀಲದಲ್ಲಿದೆ. ಅದನ್ನು ನಾವು ‘ಕುಡಿಯಬಾರದು’ ಎಂದಷ್ಟೇ ನೆನಪಿಟ್ಟಿದ್ದೇವೆ. ಆದರೆ ಪಾಲಿಯಲ್ಲಿ ಅದನ್ನು ಹೇಳುವಾಗ ‘ಪಮಾದ’ ಎಂಬ ಮಾತು ಬರುತ್ತದೆ. ಕನ್ನಡದಲ್ಲಿ ‘ಪ್ರಮಾದ’ ಎಂದರೆ ದೊಡ್ಡ ತಪ್ಪು. ಪಾಲಿಯ ‘ಪಮಾದ’ ಎಂದರೆ ಎಚ್ಚರಗೇಡಿತನ, ಮೈಮರೆವು. ಎಚ್ಚರ ಕೆಡಿಸುತ್ತದೆ ಎಂಬ ಕಾರಣಕ್ಕೇ ಮದ್ಯ ಬೇಡವೆಂದದ್ದು. ಗೇಮ್ ಮದ್ಯವಲ್ಲ. ಅರ್ಧ ಗಂಟೆ ಗೆಳೆಯರ ಜೊತೆ ಆಡಿ, ನಕ್ಕು, ಎದ್ದು ಬಂದರೆ ಶೀಲ ಮುರಿಯುವುದಿಲ್ಲ. ಆದರೆ ಹತ್ತಕ್ಕೆ ನಿಲ್ಲಿಸುತ್ತೇನೆಂದು ಕೂತವನು ರಾತ್ರಿ ಎರಡಕ್ಕೂ ‘ಇನ್ನೊಂದೇ ಮ್ಯಾಚ್’ ಎನ್ನುತ್ತಿದ್ದರೆ ಅಲ್ಲಿ ಪಮಾದ ಬಂದು ಕೂತಿದೆ.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥನಾದ ಸಿಗಾಲನಿಗೆ ಸಂಪತ್ತು ಕರಗುವ ಆರು ದಾರಿಗಳನ್ನು ಹೇಳುತ್ತಾರೆ. ಜೂಜು ಅದರಲ್ಲೊಂದು. ಹಣ ಕಟ್ಟಿ ಆಡುವ ಆಟಗಳ ವಿಷಯದಲ್ಲಿ ಬೇರೆ ಮಾತೇ ಬೇಡ. ಮೇಳಗಳ ಹಿಂದೆ ಸುತ್ತುವುದು ಇನ್ನೊಂದು. ಅಲ್ಲಿ ಬುದ್ಧರು ತೋರಿಸುವ ಕೇಡು ಯಾವುದು ಗೊತ್ತೇ? ಕುಣಿತ ಎಲ್ಲಿ, ಹಾಡು ಎಲ್ಲಿ ಎಂದು ಮನಸ್ಸು ಸದಾ ಹುಡುಕುತ್ತಲೇ ಇರುವುದು. ಪುಸ್ತಕ ತೆರೆದಿಟ್ಟುಕೊಂಡೇ ‘ಈಗ ಯಾರು ಆನ್‌ಲೈನ್ ಇದ್ದಾರೆ’ ಎಂದು ಯೋಚಿಸುವುದೂ ಅದೇ.

ಇದರಲ್ಲಿ ತಪ್ಪೆಲ್ಲ ಹುಡುಗರದೇ ಅಲ್ಲ. ದಿನಾ ಲಾಗಿನ್ ಆದರೆ ಬಹುಮಾನ, ಸೀಸನ್ ಮುಗಿದರೆ ರ‍್ಯಾಂಕ್ ಕೆಳಕ್ಕೆ: ಬಿಡದಂತೆ ಹಿಡಿದಿಡಲೆಂದೇ ಹೀಗೆ ಮಾಡಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಅಷ್ಟಕ್ಕೆ ಹೋಗಿದ್ದರೆ ಬೈದು ಫಲವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ.

ಹಾಗೆಂದು ಸಿಟ್ಟಿನಲ್ಲಿ ಸೋಮವಾರ ಗೇಮ್ ಅಳಿಸಿ, ಬುಧವಾರ ಮತ್ತೆ ಹಾಕಿಕೊಂಡರೂ ಉಪಯೋಗವಿಲ್ಲ. ಭಿಕ್ಷು ಸೋಣ ಕಾಲಲ್ಲಿ ರಕ್ತ ಬರುವಷ್ಟು ನಡೆದು ಸಾಧನೆ ಮಾಡಿ, ಕೊನೆಗೆ ಎಲ್ಲ ಬಿಟ್ಟು ಮನೆಗೆ ಹೋಗಿಬಿಡೋಣ ಎಂದುಕೊಂಡಿದ್ದ. ಮೊದಲು ವೀಣೆ ನುಡಿಸುತ್ತಿದ್ದವನು. ಬುದ್ಧರು ಅವನಿಗೆ ವೀಣೆಯನ್ನೇ ನೆನಪಿಸಿದರು: ತಂತಿ ಅತಿ ಬಿಗಿಯಾದರೂ ನಾದವಿಲ್ಲ, ಅತಿ ಸಡಿಲವಾದರೂ ನಾದವಿಲ್ಲ. ಅಷ್ಟೊಂದು ಓದಿದ ಬಾಬಾಸಾಹೇಬರೂ ವಯಲಿನ್ ಕಲಿತಿದ್ದರು. ಮನಸ್ಸಿಗೆ ಬಿಡುವು ಬೇಕು. ಬಿಡುವೇ ಬದುಕಾಗಬಾರದು.

ಒಂದು ಮಾತು ಮರೆಯದಿರೋಣ. ನಮ್ಮ ಅಜ್ಜ ಅಜ್ಜಿಯರಿಗೆ ಸಂಜೆ ಎಂಬುದು ತಮ್ಮದಾಗಿರಲಿಲ್ಲ. ಅದು ಧಣಿಯ ಹೊಲ, ಧಣಿಯ ಕೊಟ್ಟಿಗೆಗೆ ಸೇರಿತ್ತು. ಇಂದು ಹಾಸ್ಟೆಲಿನ ಮೇಜು, ಬೆಳಕು, ಸಂಜೆ ಆರರಿಂದ ಹತ್ತರವರೆಗಿನ ಹೊತ್ತು ನಮ್ಮ ಮಕ್ಕಳ ಕೈಯಲ್ಲಿದೆ. ಇದು ಸುಮ್ಮನೆ ಬಂದದ್ದಲ್ಲ. ಧಣಿಯಿಂದ ಬಿಡಿಸಿಕೊಂಡ ಹೊತ್ತನ್ನು ಫೋನಿಗೆ ಒಪ್ಪಿಸಬಾರದು.

ಇಂದಿನ ಅಭ್ಯಾಸ:
🔹 ಆಡುವ ಮೊದಲೇ ಎಷ್ಟು ಹೊತ್ತೆಂದು ಹೇಳಿಕೊಂಡು ಅಲಾರಂ ಇಡಿ. ಓದು ಮೊದಲು, ಆಟ ಆಮೇಲೆ.
🔹 ಗೇಮಿನ ನೋಟಿಫಿಕೇಶನ್ ಆಫ್ ಮಾಡಿ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಹಾಸ್ಟೆಲಿನಲ್ಲಿದ್ದರೆ ಪೆಟ್ಟಿಗೆಯೊಳಗಿರಲಿ.
🔹 ಅಲಾರಂ ಆದಾಗ ‘ಇನ್ನೊಂದೇ’ ಎನ್ನುವ ಮನಸ್ಸನ್ನು ಗಮನಿಸಿ, ಮೂರು ಉಸಿರು ತೆಗೆದುಕೊಂಡು ಏಳಿ.

ತಂದೆ ತಾಯಂದಿರೇ, ಮಗನ ಫೋನ್ ಕಸಿಯುವ ಮುನ್ನ ನಮ್ಮ ರೀಲ್ಸ್ ಎಷ್ಟು ಹೊತ್ತು ಓಡುತ್ತವೆ ಎಂದೂ ನೋಡಿಕೊಳ್ಳೋಣ.

ನಿಲ್ಲಿಸಬೇಕೆಂದಾಗ ನಿಲ್ಲಿಸಲು ಬಂದರೆ ಅದು ಆಟ. ಬರದಿದ್ದರೆ ಆಟವೇ ನಮ್ಮನ್ನು ಆಡಿಸುತ್ತಿದೆ.

ಭವತು ಸಬ್ಬ ಮಂಗಲಂ 🪷
ಜೈ ಭೀಮ್