ಅವರವರ ದೋಣಿ

ದೋಣಿ ಕೊಂಡವರೆದುರು ಅದರ ಕುಂದು ಹೇಳಿದರೆ ಸಿಟ್ಟೇಕೆ? ಒಂಟಿ ಒಡಲಿನ ಹಾಯಿದೋಣಿ ಗಾಳಿಗೆ ವಾಲುತ್ತದೆ. ತಳದ ಭಾರದಿಂದ ಮತ್ತೆ ನೆಟ್ಟಗಾಗುತ್ತದೆ. ಜೋಡಿ ಒಡಲಿನ ಕ್ಯಾಟಮರಾನ್ ಅಷ್ಟು ವಾಲದು. ಮಗುಚಿದರೆ ಮಾತ್ರ ತಾನಾಗಿ ಏಳದು. ಎರಡಕ್ಕೂ ಗುಣವುಂಟು, ಕುಂದುಂಟು. ಆದರೂ ಒಡೆಯರು ವಾದಕ್ಕೆ ನಿಲ್ಲುತ್ತಾರೆ.

ನಮ್ಮ ಅಡುಗೆಮನೆಯೂ ಬೇರೆಯಲ್ಲ. ಅಮೆರಿಕದ ಜ್ಯಾಕ್ ಬ್ರೆಹ್ಮ್ 1956ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವತಿಯರು ಮನೆಬಳಕೆಯ ವಸ್ತುಗಳಿಗೆ ಅಂಕ ಕೊಟ್ಟರು. ಎರಡರಲ್ಲೊಂದನ್ನು ಆರಿಸಿಕೊಂಡ ಮೇಲೆ ಆರಿಸಿದ್ದರ ಅಂಕ ಏರಿತು, ಬಿಟ್ಟದ್ದರದು ಇಳಿಯಿತು.

ಆರಿಸಿದ ವಸ್ತುವಿನ ಕುಂದು ನಮ್ಮ ಬುದ್ಧಿಯ ಕುಂದಾಗಿ ಕೇಳಿಸುತ್ತದೆ. ದೋಣಿಯವರಂತೂ ಜೀವವನ್ನೇ ಅದಕ್ಕೆ ಒಪ್ಪಿಸಿದವರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕುಂದನ್ನೇ ಒಪ್ಪದವರು ಬಿರುಗಾಳಿಗೆ ಸಿದ್ಧರಾಗುವುದು ಹೇಗೆ? ನಾವು ಕಟ್ಟಿಸಿದ ಮನೆ, ಮಗಳಿಗೆ ನೋಡಿದ ಸಂಬಂಧ – ಇವಕ್ಕೂ ಈ ಮಾತು ಸಲ್ಲುತ್ತದೆಂದು ನನ್ನ ಅನಿಸಿಕೆ.