ಮಗುವಿನ ತೊಂದರೆಗೆ ಹೆಸರಿಡುವುದು ತಪ್ಪೇ?



ಹಾವೇರಿ ಜಿಲ್ಲೆಯ ಮಾಸೂರಿನಂಥ ಒಂದು ಊರನ್ನು ನೆನೆದುಕೊಳ್ಳಿ. ಅಲ್ಲೊಂದು ಮನೆ, ಆ ಮನೆಯಲ್ಲಿ ಮೂರು ವರ್ಷ ತುಂಬಿದ ಒಂದು ಗಂಡುಮಗು. ಕೈಕಾಲು ಗಟ್ಟಿ, ಮುಖ ಮುದ್ದು. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಬೇಕಾದುದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಓರಗೆಯ ಮಕ್ಕಳ ಜೊತೆ ಆಡದೆ, ಆಟಿಕೆ ಗಾಡಿಯ ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತಾ ಕುಳಿತುಕೊಳ್ಳುತ್ತದೆ. ಏನೋ ಸರಿಯಿಲ್ಲವೆಂದು ತಾಯಿಯ ಮನಸ್ಸು ಹೇಳುತ್ತಿದೆ. ಮನೆಯ ಹಿರಿಯರು ಮಾತ್ರ, "ಅವರಪ್ಪನೂ ತಡಾ ಮಾತಾಡಿದ್ದ, ಇವನೂ ಮಾತಾಡ್ತಾನ ಬಿಡವ್ವಾ" ಎನ್ನುತ್ತಾರೆ. ಧಾರವಾಡಕ್ಕೆ ಕರೆದೊಯ್ದು ತಜ್ಞರಿಗೆ ತೋರಿಸೋಣವೆಂದರೆ, "ಎಳೇ ಕೂಸಿಗೆ ಯಾಕ ಇಲ್ಲದ ಹೆಸರು ಹಚ್ಚತೀರಿ?" ಎಂಬ ಪ್ರಶ್ನೆ ಏಳುತ್ತದೆ.

ಇಂಥ ಮನೆ ನಿಮ್ಮ ಧರ್ಮಕೇಂದ್ರದಲ್ಲಿಯೂ ಇದ್ದೀತು. ಆ ಹಿರಿಯರ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅದರೊಳಗೆ ಪ್ರೀತಿಯೂ ಇದೆ, ಭಯವೂ ಇದೆ. ಮಗುವಿನ ತೊಂದರೆಗೆ ಹೆಸರಿಡುವುದು ಮಗುವನ್ನು ಕುಗ್ಗಿಸಿದಂತೆಯೇ? ಅಥವಾ ಹೆಸರಿಡದೆ ಇರುವುದೇ ಅದಕ್ಕೆ ಬಗೆಯುವ ಅನ್ಯಾಯವೇ? ಇದನ್ನು ಸಾವಧಾನವಾಗಿ ವಿಚಾರಿಸೋಣ.

ಭಯದ ಬೇರು ಒಂದು ಹಳೆಯ ಪ್ರಶ್ನೆಯಲ್ಲಿದೆ. ಸಂತ ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ, ಹೆತ್ತವರದೋ ಎಂದು ಕೇಳುತ್ತಾರೆ. ಪ್ರಭು ಯೇಸು ಎರಡನ್ನೂ ನಿರಾಕರಿಸುತ್ತಾರೆ. ಅದೇ ಅಧ್ಯಾಯದಲ್ಲಿ ಮುಂದೆ ಆ ಕುರುಡನ ತಂದೆತಾಯಿಯನ್ನು ವಿಚಾರಣೆಗೆ ಕರೆಸಿದಾಗ, ಸಮಾಜದಿಂದ ಹೊರಗೆ ಹಾಕಿಯಾರೆಂಬ ಅಂಜಿಕೆಯಿಂದ ಅವರು ನೇರವಾಗಿ ಉತ್ತರಿಸದೆ ಜಾರಿಕೊಳ್ಳುತ್ತಾರೆ. ಅವರನ್ನು ಹೇಡಿಗಳೆನ್ನುವ ಮುನ್ನ, ಮಗನ ವಿಷಯವಾಗಿ ಎಷ್ಟು ವರ್ಷ ಜನರ ಕಣ್ಣುಗಳನ್ನು ಎದುರಿಸಿ ಅವರು ಸೋತಿದ್ದರೋ ಯೋಚಿಸಿರಿ.

"ಯಾರ ಪಾಪ?" ಎಂಬ ಈ ಪ್ರಶ್ನೆ ಓದುಬರಹವಿಲ್ಲದವರ ಸೊತ್ತು ಎಂದು ಭಾವಿಸಬೇಡಿ. ಆಟಿಸಂ ಅಥವಾ ಸ್ವಲೀನತೆಯನ್ನು ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವಿವರಗಳೊಂದಿಗೆ 1943ರಲ್ಲಿ ಮೊದಲಬಾರಿಗೆ ಸ್ಪಷ್ಟವಾಗಿ ವರ್ಣಿಸಿದರು. ಆಮೇಲಿನ ಎರಡು ಮೂರು ದಶಕಗಳ ಕಾಲ ಪಾಶ್ಚಾತ್ಯ ದೇಶಗಳ ಅನೇಕ ಪಂಡಿತರು, ತಾಯಿಯ ಪ್ರೀತಿ ತಣ್ಣಗಿದ್ದುದೇ ಇದಕ್ಕೆ ಕಾರಣವೆಂದು ಬೋಧಿಸಿದರು. ಎಷ್ಟು ತಾಯಂದಿರು ಆ ಆರೋಪ ಹೊತ್ತು ಕಣ್ಣೀರಿಟ್ಟರೋ! 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಪುಸ್ತಕವೊಂದನ್ನು ಬರೆದು ಆ ವಾದವನ್ನು ಖಂಡಿಸಿದರು. ಅವರು ಸ್ವತಃ ಅಂಥ ಮಗುವೊಂದರ ತಂದೆ. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅನುವಂಶೀಯತೆಯ ಪಾತ್ರ ಇದರಲ್ಲಿ ದೊಡ್ಡದು, ಸಾಕಣೆಯ ದೋಷ ಕಾರಣವಲ್ಲ ಎಂಬುದು ಇಂದು ಸ್ಥಿರಪಟ್ಟಿದೆ. ಲಸಿಕೆಯೇ ಕಾರಣವೆಂದು 1998ರಲ್ಲಿ ಪ್ರಕಟವಾದ ಲೇಖನವೊಂದು ಎಬ್ಬಿಸಿದ ಗುಲ್ಲು ಕೂಡ ಸುಳ್ಳೆಂದು ಸಿದ್ಧವಾಯಿತು. ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. ಆದ್ದರಿಂದ ಹೆತ್ತವರೇ, ನಿಮ್ಮ ಮೇಲೆ ನೀವೇ ಹೊರಿಸಿಕೊಂಡ ಅಪರಾಧವನ್ನು ಕೆಳಗಿಳಿಸಿರಿ.

ಆದರೂ ಹೆಸರು ಬೇಕೇ? ಹೆಸರು ಬಂದರೆ ಬೀದಿಯ ಮಾತು ಹೆಚ್ಚೀತು, ಅಕ್ಕತಂಗಿಯರ ಮದುವೆಗೆ ಅಡ್ಡಿಯಾದೀತು ಎಂಬ ಚಿಂತೆ ಸುಳ್ಳಲ್ಲ. ಆದರೆ ನಾವು ಹೆಸರಿಡದಿದ್ದರೆ ಮಗು ಹೆಸರಿಲ್ಲದೆ ಉಳಿಯುತ್ತದೆಯೇ? ಇಲ್ಲ. ಬೀದಿ ತನ್ನ ಹೆಸರನ್ನು ಇಟ್ಟೇಬಿಡುತ್ತದೆ: ಮೂಗ, ಪೆದ್ದ, ಹಟಮಾರಿ, ಹುಚ್ಚ. ವೈದ್ಯರು ಕೊಡುವ ಹೆಸರು ಆ ಕ್ರೂರ ಹೆಸರುಗಳ ಜಾಗಕ್ಕೆ ಬರುತ್ತದೆ. ಕರೆದರೆ ಓಗೊಡದ ಮಗು ಹಟಮಾರಿಯೆಂದು ಪೆಟ್ಟು ತಿನ್ನುತ್ತಿರಬಹುದು. ಅದಕ್ಕೆ ಕಿವಿ ಕೇಳಿಸುವುದಿಲ್ಲವೆಂದು ಪರೀಕ್ಷೆಯಿಂದ ತಿಳಿದ ದಿನ ಪೆಟ್ಟು ನಿಲ್ಲುತ್ತದೆ. ಸತ್ಯ ಅಲ್ಲಿ ಕರುಣೆಯ ಕೆಲಸವನ್ನೇ ಮಾಡುತ್ತದೆ.

ಕಾಯುವುದು ನಿರಪಾಯಕಾರಿ ಎಂದು ನಾವು ಭಾವಿಸುತ್ತೇವೆ. ಮಗುವಿನ ವಿಷಯದಲ್ಲಿ ಅದು ನಿಜವಲ್ಲ. ಮೆದುಳು ಅತ್ಯಂತ ವೇಗದಿಂದ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸಿಗೆ ಮೊದಲ ವಾರಗಳಲ್ಲೇ ಮಾತ್ರೆ ಸಿಕ್ಕರೆ ಬುದ್ಧಿ ಉಳಿಯುತ್ತದೆ. ತಡವಾದರೆ ಕಳೆದುದು ಹಿಂತಿರುಗದು. ಸ್ವಲೀನತೆಗೆ ಮಾತ್ರೆಯಿಲ್ಲ, ವಾಸಿ ಮಾಡುತ್ತೇವೆಂದು ಹಣ ಕೀಳುವವರನ್ನು ನಂಬಬೇಡಿ. ಆದರೆ ಬೇಗ ತೊಡಗಿದ ಮಾತಿನ ತರಬೇತಿ, ನಡವಳಿಕೆಯ ತರಬೇತಿ, ಹೆತ್ತವರಿಗೇ ಕಲಿಸುವ ಆಟದ ವಿಧಾನಗಳು ಮಗುವಿನ ಬಾಳನ್ನು ಹಗುರ ಮಾಡುತ್ತವೆ. ವರ್ಷ ತುಂಬಿದರೂ ಹೆಸರಿಗೆ ಓಗೊಡದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಜೋಡಿಸದಿದ್ದರೆ, ಕಲಿತ ಮಾತು ಮರೆಯತೊಡಗಿದರೆ ತೋರಿಸುವುದೇ ಲೇಸು. ಏನೂ ಇಲ್ಲವೆಂದು ತಿಳಿದರೆ ನಷ್ಟವೆಂದರೆ ಬಸ್ಸಿನ ಖರ್ಚು ಮಾತ್ರ.

ಮಾಸೂರು ಸರ್ವಜ್ಞನ ಹೆಸರಿನೊಂದಿಗೆ ಜನಪರಂಪರೆ ಬೆಸೆದಿರುವ ಊರು. ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯಿಂದಲೂ ಹೆಸರಾದದ್ದು. ಕೆರೆಯಲ್ಲಿ ಎಷ್ಟೇ ನೀರಿರಲಿ, ತೂಬು ತೆರೆಯದಿದ್ದರೆ ಕೆಳಗಿನ ಹೊಲ ಒಣಗುತ್ತದೆಂಬುದನ್ನು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆತ್ತವರ ಪ್ರೀತಿ ಆ ನೀರಿನಂತೆ. ಮಗುವಿಗೆ ಏನು ಬೇಕೆಂಬ ತಿಳಿವಳಿಕೆಯೇ ತೂಬು. ಪ್ರೀತಿಯೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದೆಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಒಳಿತು ಯಾವುದೆಂದು ಅರಿಯದೆ ಅದನ್ನು ಬಯಸುವುದು ಹೇಗೆ? ಸಂತ ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ತಂದೆಯೊಬ್ಬನು ಪೀಡಿತನಾದ ಮಗನನ್ನು ತಂದಾಗ, ಯೇಸು ಗುಣಪಡಿಸುವ ಮುನ್ನ, ಇವನಿಗೆ ಹೀಗಾಗಿ ಎಷ್ಟು ಕಾಲವಾಯಿತೆಂದು ಕೇಳುತ್ತಾರೆ. ತಂದೆ ಬಾಲ್ಯದಿಂದ ಆದುದನ್ನೆಲ್ಲ ಹೇಳುತ್ತಾನೆ. ಒಳ್ಳೆಯ ವೈದ್ಯರು ಮೊದಲು ಕೇಳುವುದೂ ಇದನ್ನೇ. ತಂದೆಯ ವಿವರವನ್ನು ದೇವಪುತ್ರರೇ ತಾಳ್ಮೆಯಿಂದ ಆಲಿಸಿದ ಮೇಲೆ, ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯೆಂದು ನಾವು ಹೇಳಬಹುದೇ? ಪ್ರಾರ್ಥನೆಗೂ ತರಬೇತಿಗೂ ವೈರವಿಲ್ಲ.

ಕ್ಯಾನರ್ ಅವರು ವರ್ಣಿಸಿದ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ವೈದ್ಯರ ಸಲಹೆಯಂತೆ ಮೂರನೆಯ ವಯಸ್ಸಿನಲ್ಲಿ ಅವನನ್ನು ಒಂದು ಸಂಸ್ಥೆಗೆ ಸೇರಿಸಲಾಗಿತ್ತು. ತಂದೆತಾಯಿ ಮರಳಿ ಕರೆತಂದರು. ತಂದೆ ಮಗನ ನಡೆನುಡಿಯನ್ನೆಲ್ಲ 33 ಪುಟಗಳ ಪತ್ರದಲ್ಲಿ ಬರೆದು ಕ್ಯಾನರ್ ಅವರಿಗೆ ಕಳುಹಿಸಿ, 1938ರಲ್ಲಿ ಮಗುವನ್ನು ತೋರಿಸಿದರು. ಡೊನಾಲ್ಡ್ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದು, ಒಬ್ಬನೇ ದೇಶವಿದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಮನೆತನ ಸಿರಿವಂತವಾಗಿತ್ತು ನಿಜ. ಆದರೆ ಆ ಊರಿನ ಜನ ಅವನನ್ನು ತಮ್ಮವನೆಂದು ಒಪ್ಪಿ ಕಾಪಾಡಿದರಲ್ಲ, ಅದಕ್ಕೆ ಸಿರಿತನ ಬೇಕಾಗಿರಲಿಲ್ಲ.

ಇಲ್ಲಿ ಪ್ರಶ್ನೆ ಹೆತ್ತವರಿಂದ ನಮ್ಮೆಲ್ಲರ ಕಡೆಗೆ ತಿರುಗುತ್ತದೆ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನಷ್ಟೇ ಹೆಸರಿಸಿತ್ತು, ಸ್ವಲೀನತೆ ಅದರಲ್ಲಿರಲಿಲ್ಲ. 2016ರ ಕಾಯ್ದೆ 21 ಬಗೆಗಳನ್ನು ಹೆಸರಿಸಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯೆಂದು ಪ್ರಮಾಣಿತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ತಪಾಸಣೆ ನಡೆಯುತ್ತದೆ. ಅಂಗನವಾಡಿ ಶಿಕ್ಷಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ, ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಗತ್ಯವಾದರೆ ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಆದರೆ ಕಾಯ್ದೆಯ ಆ ಹಕ್ಕಿನ ಬಾಗಿಲು ಪ್ರಮಾಣಪತ್ರವಿಲ್ಲದೆ ಪೂರ್ತಿ ತೆರೆಯುವುದಿಲ್ಲ. ಹೆಸರು ಬೇಕಾಗಿರುವುದು ಇದಕ್ಕಾಗಿಯೂ ಹೌದು.

ಆದರೆ ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲಿಟ್ಟು, ಎರಡು ಬಸ್ಸು ಬದಲಿಸಿ ತಿಂಗಳಿಗೆ ಎಷ್ಟು ಸಲ ಒಬ್ಬ ತಾಯಿ ಹೋಗಿಬಂದಾಳು? ಉಳಿದ ಮಕ್ಕಳನ್ನು ನೋಡಿಕೊಳ್ಳುವವರಾರು? ಕಾಯ್ದೆ ತಲುಪದ ಈ ಅಂತರವನ್ನು ನೆರೆಹೊರೆ ತುಂಬಬೇಕು. ಅದು ದಾನವಲ್ಲ, ನ್ಯಾಯ. ಬಲಿಪೂಜೆಯ ನಡುವೆ ಮಗು ಕೂಗಿದರೆ ಹಿಂತಿರುಗಿ ದುರುಗುಟ್ಟಿ ನೋಡದಿರೋಣ. ಹಬ್ಬದ ದಿನ ಪಟಾಕಿಯ ಸದ್ದಿಗೆ ಬೆದರುವ ಮಗುವಿಗಾಗಿ ಒಂದು ಶಾಂತ ಕೋಣೆ ಬಿಡೋಣ. ಧರ್ಮೋಪದೇಶದ ತರಗತಿಯಲ್ಲಿ ಅದಕ್ಕೂ ಒಂದು ಜಾಗವಿರಲಿ, ಪಕ್ಕದಲ್ಲಿ ಒಬ್ಬ ಗೆಳೆಯನಿರಲಿ.

ಒಂದು ಎಚ್ಚರಿಕೆಯ ಮಾತು. ವೈದ್ಯರು ಕೊಟ್ಟ ಹೆಸರು ಮಗುವಿನ ತೊಂದರೆಯ ಹೆಸರೇ ಹೊರತು ಮಗುವಿನ ಹೆಸರಲ್ಲ. ಮಗುವಿನ ಹೆಸರು ಜ್ಞಾನಸ್ನಾನದ ದಿನ ದೇವರ ಮುಂದೆ ಕರೆಯಲ್ಪಟ್ಟಿದೆ. ಆ ಹೆಸರನ್ನು ಯಾವ ಪ್ರಮಾಣಪತ್ರವೂ ಬದಲಿಸಲಾರದು. ನಡೆಯದ, ಮಾತಾಡದ, ಎಂದೂ ಅಕ್ಷರ ಕಲಿಯದ ಮಗುವೂ ಪೂರ್ಣ ಮನುಷ್ಯ, ಪೂರ್ಣ ದೇವಪ್ರತಿರೂಪ. ತರಬೇತಿ ಫಲಿಸಿದರೆ ಸಂತೋಷ; ಫಲಿಸದಿದ್ದರೂ ಮಗುವಿನ ಬೆಲೆ ಒಂದು ಕಾಸೂ ಕಡಿಮೆಯಾಗದು.

ಪ್ರಿಯರೇ, ಇಂಥ ತಾಯಿಯೊಬ್ಬರು ಮುಂದಿನ ಭಾನುವಾರ ನಿಮ್ಮ ಪಕ್ಕದಲ್ಲಿ ಮೊಣಕಾಲೂರಬಹುದು. ಮಗು ಯಾಕೆ ಹೀಗೆ ಎಂದು ಅವರನ್ನು ಕೇಳಬೇಡಿ. ಮುಂದಿನ ಸಲ ಆಸ್ಪತ್ರೆಗೆ ಯಾವಾಗ ಹೋಗುತ್ತೀರಿ, ನಾನೂ ಜೊತೆಗೆ ಬರಲೇ ಎಂದು ಕೇಳಿರಿ.